ಅಡೆಬಾಯೊ (ಅಡ್ಡಹೆಸರು)

ಅಡೆಬಾಯೊ: ಪಶ್ಚಿಮ ಆಫ್ರಿಕದ ಯೊರೂಬ ಜನರ ಒಂದು ಅಂಕಿತನಾಮ. ವಸಾಹತು ಆಳ್ವಿಕೆಯ ಕಾಲದಲ್ಲಿ ಅಡ್ಡಹೆಸರಾಗಿ ನೆಲೆಗೊಂಡ ಇದು ಇಪ್ಪತ್ತನೆಯ ಶತಮಾನದ ವಲಸೆಯೊಂದಿಗೆ ಬ್ರಿಟನ್ನನ್ನು ತಲುಪಿ, ಇಂದು ಲಂಡನ್ನಿನಲ್ಲಿಯೂ ಆಗ್ನೇಯ ಇಂಗ್ಲೆಂಡಿನಲ್ಲಿಯೂ ಸುಪರಿಚಿತವಾಗಿದೆ. ರಚನೆಯ ದೃಷ್ಟಿಯಿಂದ ಇದೊಂದು ಪೂರ್ಣ ವಾಕ್ಯ. ‘ಕಿರೀಟವು ಸಂತೋಷವನ್ನು ಸಂಧಿಸಿತು’ ಎಂಬುದು ಇದರ ಅಕ್ಷರಾರ್ಥ. ಒಂದು ಮಗುವಿನ ಹುಟ್ಟಿನ ಸಂದರ್ಭವನ್ನು ಸಾರುತ್ತಿದ್ದ ಈ ವಾಕ್ಯವು ತಂದೆಯಿಂದ ಮಕ್ಕಳಿಗೆ, ಅವರಿಂದ ಮೊಮ್ಮಕ್ಕಳಿಗೆ ದಾಟುವ ಮನೆತನದ ಗುರುತಾಗಿ ಮಾರ್ಪಟ್ಟ ಬಗೆಯೇ ಈ ಹೆಸರಿನ ಚರಿತ್ರೆಯಲ್ಲಿ ಮುಖ್ಯವಾದುದು.

ಪದರಚನೆ ಮತ್ತು ಉಚ್ಚಾರಣೆ

ಹೆಸರಿನಲ್ಲಿ ಮೂರು ಘಟಕಗಳಿವೆ: ಕಿರೀಟ ಎಂಬ ಅರ್ಥದ ‘ಅಡೆ’, ಸಂಧಿಸು ಅಥವಾ ಜೊತೆಗೂಡು ಎಂಬ ಅರ್ಥದ ‘ಬ’ ಎಂಬ ಕ್ರಿಯಾಪದ ಮತ್ತು ಸಂತೋಷ ಎಂಬ ಅರ್ಥದ ‘ಅಯೊ’. ಯೊರೂಬ ಭಾಷೆಯಲ್ಲಿ ಪದಗಳು ಕೂಡುವಾಗ ಎರಡು ಸ್ವರಗಳು ಎದುರಾದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದು ಬಿಟ್ಟುಹೋಗುತ್ತದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವ ಕನ್ನಡದ ಲೋಪಸಂಧಿಯನ್ನು ಬಲ್ಲವರಿಗೆ ಈ ಪ್ರಕ್ರಿಯೆ ಸುಲಭವಾಗಿ ತಿಳಿಯುತ್ತದೆ. ‘ಬ’ ಮತ್ತು ‘ಅಯೊ’ ಸೇರಿದಾಗ ಒಂದು ಅಕಾರ ಲೋಪವಾಗಿ ‘ಬಯೊ’ ಉಳಿಯುತ್ತದೆ. ಇದೇ ಅಚ್ಚಿನಲ್ಲಿ ರೂಪುಗೊಂಡ ಅಡೆಬೊಲ ಎಂಬ ಹೆಸರಿನಲ್ಲಿ ಲೋಪ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ: ಅಲ್ಲಿ ‘ಬ’ದ ಅಕಾರ ಬಿಟ್ಟುಹೋಗಿ, ಗೌರವ ಎಂಬ ಅರ್ಥದ ‘ಒಲ’ದ ಒಕಾರ ನಿಂತು, ‘ಕಿರೀಟವು ಗೌರವವನ್ನು ಸಂಧಿಸಿತು’ ಎಂಬ ಅರ್ಥ ಬರುತ್ತದೆ.

ಯೊರೂಬ ತಾನಭಾಷೆ, ಅಂದರೆ ಧ್ವನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುವ ಭಾಷೆ. ಅದರಲ್ಲಿ ಉಚ್ಚ, ಮಧ್ಯ, ನೀಚ ಎಂಬ ಮೂರು ತಾನಗಳಿವೆ. ‘ಒಕೊ’ ಎಂಬ ಎರಡಕ್ಷರದ ಪದ ತಾನಕ್ಕೆ ತಕ್ಕಂತೆ ಗಂಡ, ಗುದ್ದಲಿ, ವಾಹನ, ಭರ್ಜಿ ಎಂಬ ನಾಲ್ಕು ಅರ್ಥಗಳನ್ನು ಕೊಡಬಲ್ಲದು. ಅಡೆಬಾಯೊ ಎಂಬ ಹೆಸರಿನ ನಾಲ್ಕು ಅಕ್ಷರಗಳು ಕ್ರಮವಾಗಿ ಮಧ್ಯ, ಉಚ್ಚ, ಉಚ್ಚ, ನೀಚ ತಾನಗಳಲ್ಲಿ ನುಡಿಯಲ್ಪಡುತ್ತವೆ. ಕೊನೆಯ ಒಕಾರ ಬಾಯಿ ಹೆಚ್ಚು ತೆರೆದು ಆಡುವ ಸ್ವರವಾದ್ದರಿಂದ ಯೊರೂಬ ಲಿಪಿಕ್ರಮದಲ್ಲಿ ಅದರ ಕೆಳಗೆ ಒಂದು ಚುಕ್ಕೆ ಇಡುವುದುಂಟು. ಇಂಗ್ಲಿಷ್ ಬರವಣಿಗೆಯಲ್ಲಿ ತಾನಚಿಹ್ನೆಗಳೂ ಚುಕ್ಕೆಯೂ ಬಿದ್ದುಹೋಗುತ್ತವೆ. ತಾನವಿಲ್ಲದ ಇಂಗ್ಲಿಷಿನ ನಾಲಗೆಯು ಮೂರನೆಯ ಅಕ್ಷರಕ್ಕೆ ಒತ್ತು ಕೊಟ್ಟು ಅದನ್ನು ‘ಬೈ’ ಎಂಬಂತೆ ಉಚ್ಚರಿಸುತ್ತದೆ. ಮೂಲದಲ್ಲಿ ನಾಲ್ಕೂ ಅಕ್ಷರಗಳು ಹ್ರಸ್ವವಾಗಿದ್ದರೂ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದಿರುವ ದೀರ್ಘರೂಪವನ್ನೇ ಇಲ್ಲಿ ಬಳಸಲಾಗಿದೆ.

ಅರ್ಥವ್ಯಾಪ್ತಿ

ಯೊರೂಬ ಸಂಸ್ಕೃತಿಯಲ್ಲಿ ‘ಅಡೆ’ ಎಂಬುದು ಬರಿಯ ಆಭರಣವನ್ನು ಸೂಚಿಸುವ ಪದವಾಗಿ ಉಳಿದಿಲ್ಲ. ಇಫೆಯನ್ನು ಮೂಲಸ್ಥಾನವೆಂದೂ ಒಡುಡುವನನ್ನು ಮೂಲಪುರುಷನೆಂದೂ ನಂಬುವ ಯೊರೂಬ ರಾಜವಂಶಗಳಲ್ಲಿ, ಮುಖವನ್ನು ಮರೆಮಾಡುವಂತೆ ಮಣಿಸರಗಳ ಜಾಲರಿ ಇಳಿಬಿಟ್ಟ ಮಣಿಕಿರೀಟವನ್ನು ಧರಿಸುವ ಹಕ್ಕು ಅರಸೊತ್ತಿಗೆಯ ಪ್ರಮಾಣವೆನಿಸಿತ್ತು. ಆದ್ದರಿಂದ ‘ಅಡೆ’ಯಿಂದ ಆರಂಭವಾಗುವ ಹೆಸರು ಮೂಲತಃ ಅರಸುಮನೆತನದ ಸಂಬಂಧವನ್ನು ಹೇಳುತ್ತಿತ್ತು. ಅಡೆಯೆಮಿ (ಕಿರೀಟ ನನಗೆ ಒಪ್ಪುತ್ತದೆ), ಅಡೆವಾಲೆ (ಕಿರೀಟ ಮನೆಗೆ ಬಂತು), ಅಡೆಕುನ್ಲೆ (ಕಿರೀಟ ಮನೆಯನ್ನು ತುಂಬಿತು), ಅಡೆಗೊಕೆ (ಕಿರೀಟ ಮೇಲೇರಿತು) ಮೊದಲಾದವು ಇದೇ ಬಳಗಕ್ಕೆ ಸೇರಿದವು. ಇತರ ಮನೆತನಗಳಿಗೂ ಇಂಥ ಗುರುತುಪದಗಳಿವೆ: ಶೂರರ ವಂಶದ ಹೆಸರುಗಳು ‘ಅಕಿನ್’ ಎಂದೂ, ಡೋಲು ಬಾರಿಸುವವರ ಮನೆಯ ಹೆಸರುಗಳು ‘ಅಯನ್’ ಎಂದೂ, ಕಬ್ಬಿಣ ಮತ್ತು ಯುದ್ಧದ ದೇವತೆಯನ್ನು ಆರಾಧಿಸುವವರ ಹೆಸರುಗಳು ‘ಒಗುನ್’ ಎಂದೂ, ಶಕುನವಿದ್ಯೆಯನ್ನು ಅನುಸರಿಸುವವರ ಹೆಸರುಗಳು ‘ಇಫ’ ಎಂದೂ ಆರಂಭವಾಗುತ್ತವೆ.

ಹೀಗೆ ನೋಡಿದಾಗ ಅಡೆಬಾಯೊ ಎಂದರೆ ಅರಸುಕುಲದ ಮನೆಯೊಂದರಲ್ಲಿ ಸಂಭ್ರಮದ ವೇಳೆಯಲ್ಲಿ ಹುಟ್ಟಿದ ಮಗು ಎಂದಾಗುತ್ತದೆ. ಆದರೆ ‘ಅಡೆ’ಯ ಹೆಸರುಗಳು ಬಹುಕಾಲದಿಂದ ಅರಸುಮನೆತನಗಳ ಆಚೆಗೂ ಹಬ್ಬಿರುವುದರಿಂದ, ಇಂದು ಈ ಹೆಸರನ್ನು ಹೊತ್ತವರೆಲ್ಲ ರಾಜವಂಶಸ್ಥರೆಂದು ತೀರ್ಮಾನಿಸುವುದು ತಪ್ಪು. ಕ್ರೈಸ್ತರೂ ಮುಸ್ಲಿಮರೂ ಸಮಾನವಾಗಿ ಇದನ್ನು ಬಳಸುವುದರಿಂದ ಹೆಸರಿನಿಂದ ಧರ್ಮವನ್ನು ಊಹಿಸುವುದೂ ಸಾಧ್ಯವಿಲ್ಲ.

ನಾಮಕರಣ ಪದ್ಧತಿ

ಮಗುವಿಗೆ ಹೆಸರಿಡುವ ಮುನ್ನ ಮನೆಯತ್ತ ನೋಡಬೇಕು ಎಂಬ ಅರ್ಥದ ಗಾದೆ ಯೊರೂಬರಲ್ಲಿ ಪ್ರಚಲಿತವಾಗಿದೆ. ಹುಟ್ಟಿದ ಎಂಟನೆಯ ದಿನ ನಡೆಯುವ ನಾಮಕರಣದಲ್ಲಿ ಜೇನು, ಉಪ್ಪು, ನೀರು, ತಾಳೆ ಎಣ್ಣೆ, ಕೋಲಾ ಬೀಜ ಮೊದಲಾದವನ್ನು ಮಗುವಿನ ತುಟಿಗೆ ಮುಟ್ಟಿಸಿ ಅಥವಾ ನೆರೆದವರಿಗೆ ಹಂಚಿ, ಒಂದೊಂದು ವಸ್ತುವಿಗೂ ತಕ್ಕ ಹಾರೈಕೆಯನ್ನು ನುಡಿಯುತ್ತಾರೆ. ಹಿರಿಯರು ತಾವು ಆರಿಸಿದ ಹೆಸರುಗಳನ್ನು ಒಬ್ಬೊಬ್ಬರಾಗಿ ಸೂಚಿಸುವುದರಿಂದ ಒಂದೇ ಮಗುವಿಗೆ ಹಲವು ಹೆಸರುಗಳು ಬರುತ್ತವೆ.

ಸ್ಯಾಮ್ಯುಯೆಲ್ ಜಾನ್ಸನ್ 1897ರಲ್ಲಿ ಬರೆದು ಮುಗಿಸಿದ, 1921ರಲ್ಲಿ ಪ್ರಕಟವಾದ ಯೊರೂಬ ಇತಿಹಾಸ ಗ್ರಂಥದಲ್ಲಿ ಈ ಹೆಸರುಗಳನ್ನು ವರ್ಗೀಕರಿಸಲಾಗಿದೆ. ಮಗು ಹುಟ್ಟುವಾಗಲೇ ಹೊತ್ತು ತರುವ ಹೆಸರುಗಳು ಒಂದು ವರ್ಗ: ಅವಳಿಗಳಲ್ಲಿ ಮೊದಲು ಹುಟ್ಟಿದ್ದು ತೈವೊ, ನಂತರದ್ದು ಕೆಹಿಂದೆ, ಅವಳಿಗಳ ಬಳಿಕ ಹುಟ್ಟಿದ್ದು ಇಡೊವು, ಕವುಚಿಕೊಂಡು ಹುಟ್ಟಿದ್ದು ಅಜಾಯಿ. ಮನೆಯ ಸ್ಥಿತಿಗತಿಯನ್ನು ನೋಡಿ ಇಡುವ ಹೆಸರುಗಳು ಇನ್ನೊಂದು ವರ್ಗ. ಅಡೆಬಾಯೊ ಇದಕ್ಕೆ ಸೇರುತ್ತದೆ. ಮಗುವನ್ನು ಹೊಗಳಿ ಮುದ್ದಿಸಿ ಕರೆಯುವ ‘ಒರಿಕಿ’ ಎಂಬ ಪ್ರಶಂಸಾನಾಮಗಳದು ಬೇರೆಯೇ ವರ್ಗ.

ಅಡ್ಡಹೆಸರಾದ ಬಗೆ

ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಸಾಗುವ ಅಡ್ಡಹೆಸರು ಹಳೆಯ ಯೊರೂಬ ಸಮಾಜದಲ್ಲಿ ಇರಲಿಲ್ಲ. ವ್ಯಕ್ತಿಯನ್ನು ಅವರ ಸ್ವಂತ ಹೆಸರಿನಿಂದಲೂ ವಂಶದ ಪ್ರಶಂಸಾವಾಕ್ಯಗಳಿಂದಲೂ ಗುರುತಿಸಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿ ಶಾಲೆಗಳು, ಚರ್ಚಿನ ದಾಖಲೆಪುಸ್ತಕಗಳು ಮತ್ತು 1861ರಲ್ಲಿ ಲೇಗೊಸ್ ಬ್ರಿಟಿಷರ ವಶವಾದ ಮೇಲೆ ಬೆಳೆದ ಸರ್ಕಾರಿ ಕಚೇರಿಗಳು ಎರಡು ಭಾಗಗಳ ಹೆಸರನ್ನು ಅಪೇಕ್ಷಿಸತೊಡಗಿದವು. ಗುಲಾಮರ ಹಡಗುಗಳಿಂದ ಬಿಡುಗಡೆಗೊಂಡು ಸಿಯೆರಾ ಲಿಯೋನಿನಲ್ಲಿ ನೆಲೆಸಿ ಮರಳಿ ಬಂದವರು ಜಾನ್ಸನ್, ವಿಲಿಯಮ್ಸ್, ಕೋಲ್ ಮುಂತಾದ ಇಂಗ್ಲಿಷ್ ಹೆಸರುಗಳನ್ನು ಜೊತೆಗೆ ತಂದರು. 1843ರಲ್ಲಿ ಯೊರೂಬ ಪದಕೋಶವನ್ನು ಪ್ರಕಟಿಸಿ 1864ರಲ್ಲಿ ಆಂಗ್ಲಿಕನ್ ಬಿಷಪ್ ಆದ ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್ ಅವರ ಹೆಸರಿನಲ್ಲಿಯೇ ಹುಟ್ಟುಹೆಸರೂ ಮಿಷನರಿ ಹೆಸರೂ ಒಟ್ಟಿಗೆ ನಿಂತಿವೆ.

ಶತಮಾನದ ಕೊನೆಯ ದಶಕಗಳಲ್ಲಿ ಲೇಗೊಸಿನ ವಿದ್ಯಾವಂತರು ಇದಕ್ಕೆ ಪ್ರತಿಯಾಗಿ ಸ್ವಂತ ಹೆಸರುಗಳತ್ತ ತಿರುಗಿದರು. ಬ್ಯಾಪ್ಟಿಸ್ಟ್ ಪಾದ್ರಿ ಡೇವಿಡ್ ಬ್ರೌನ್ ವಿನ್ಸೆಂಟ್ 1894ರಲ್ಲಿ ಮೊಜೊಲ ಅಗ್ಬೆಬಿ ಎಂದು ಹೆಸರು ಬದಲಿಸಿಕೊಂಡದ್ದು ಇದರ ಪ್ರಸಿದ್ಧ ನಿದರ್ಶನ. ಮುಂದೆ ತಂದೆಯ ಅಥವಾ ಅಜ್ಜನ ಸ್ವಂತ ಹೆಸರನ್ನೇ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರಾಗಿ ಬರೆಸುವ ರೂಢಿ ವ್ಯಾಪಕವಾಯಿತು. ಅಡೆಬಾಯೊ ಅಡ್ಡಹೆಸರಾದದ್ದು ಈ ಮಾರ್ಗದಲ್ಲಿ. ಆದ್ದರಿಂದ ಈ ಅಡ್ಡಹೆಸರುಳ್ಳ ಎರಡು ಕುಟುಂಬಗಳ ನಡುವೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಇದು ಇಂದಿಗೂ ಸ್ವಂತ ಹೆಸರಾಗಿಯೂ ಬಳಕೆಯಲ್ಲಿದೆ: ಲಂಡನ್ನಿನಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಅಡೆಬಾಯೊ ಅಕಿನ್‌ಫೆನ್ವ ಅವರಲ್ಲಿ ಅದು ಮೊದಲ ಹೆಸರಾಗಿದ್ದರೆ, ಲೂಟನ್ ಟೌನ್ ತಂಡದ ಪರವಾಗಿ ಆಡಿದ ಎಲೈಜಾ ಅಡೆಬಾಯೊ ಅವರಲ್ಲಿ ಅಡ್ಡಹೆಸರು.

ಬ್ರಿಟನ್ನಿಗೆ ಆಗಮನ

ಮೊದಲು ಬಂದವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಲಂಡನ್ನಿನಲ್ಲಿ ಓದುತ್ತಿದ್ದ ಪಶ್ಚಿಮ ಆಫ್ರಿಕದವರಿಗಾಗಿ 1925ರಲ್ಲಿ ವಿದ್ಯಾರ್ಥಿ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಲಡಿಪೊ ಸೊಲಂಕೆ ಯೊರೂಬರು. ಯೊರೂಬರ ನಾಡೂ ಸೇರಿರುವ ನೈಜೀರಿಯ 1960ರ ಅಕ್ಟೋಬರ್ 1ರಂದು ಸ್ವತಂತ್ರವಾಗುವ ಹೊತ್ತಿಗೆ ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್ ಓದಲು ಬರುವವರ ಸಂಖ್ಯೆ ಏರಿತ್ತು. ಓದಿ ಮರಳುವುದೇ ಅವರಲ್ಲಿ ಹಲವರ ಉದ್ದೇಶವಾಗಿತ್ತು. ಓದು ಮತ್ತು ದುಡಿಮೆ ಎರಡನ್ನೂ ನಿಭಾಯಿಸಬೇಕಾದ ತಂದೆತಾಯಿಗಳು ಮಕ್ಕಳನ್ನು ಹಣ ಕೊಟ್ಟು ಬಿಳಿಯ ಕುಟುಂಬಗಳಲ್ಲಿ ಬೆಳೆಯಲು ಬಿಡುವ ಪದ್ಧತಿಯೂ ಆ ದಶಕಗಳಲ್ಲಿ ಬೆಳೆಯಿತು. ನಟ ಅಡೆವಾಲೆ ಅಕಿನುಒಯೆ ಅಗ್ಬಾಜೆ ತಮ್ಮ ಅಂಥ ಬಾಲ್ಯವನ್ನು ಆಧರಿಸಿ 2018ರಲ್ಲಿ ಚಲನಚಿತ್ರವೊಂದನ್ನು ನಿರ್ದೇಶಿಸಿದ್ದಾರೆ.

ತೈಲಬೆಲೆಯ ಕುಸಿತ ಮತ್ತು 1986ರ ಆರ್ಥಿಕ ಪುನರ್ರಚನೆಯ ಬಳಿಕ ನೈಜೀರಿಯದ ನಾಣ್ಯವಾದ ನೈರದ ಬೆಲೆ ಇಳಿದು ಸಂಬಳಗಳು ಸವೆದಾಗ, ತಾತ್ಕಾಲಿಕ ವಾಸಕ್ಕಿಂತ ಕಾಯಂ ನೆಲೆಯ ಉದ್ದೇಶದಿಂದ ಬರುವವರು ಹೆಚ್ಚಿದರು. ಇತ್ತೀಚಿನ ಅಲೆಗೆ ಯೊರೂಬ ಭಾಷೆಯೇ ಒಂದು ಹೆಸರು ಕೊಟ್ಟಿದೆ: ಪಲಾಯನ ಎಂಬ ಅರ್ಥದ ‘ಜಪ’. 2021ರ ನಂತರ ವಿದ್ಯಾರ್ಥಿ ವೀಸಾ ಮತ್ತು ಆರೋಗ್ಯ ಹಾಗೂ ಆರೈಕೆಯ ಉದ್ಯೋಗ ವೀಸಾಗಳ ಮೂಲಕ ಬಂದವರು ಇದರಲ್ಲಿ ಬಹುಪಾಲು. 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳಿಗೂ ಅದೇ ವರ್ಷದ ಮಾರ್ಚ್‌ನಿಂದ ಆರೈಕೆ ಕಾರ್ಯಕರ್ತರಿಗೂ ಅವಲಂಬಿತರನ್ನು ಕರೆತರುವ ಅವಕಾಶವನ್ನು ಬ್ರಿಟಿಷ್ ಸರ್ಕಾರ ನಿಲ್ಲಿಸಿತು.

ಇಂದಿನ ಹಂಚಿಕೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ನೈಜೀರಿಯದಲ್ಲಿ ಹುಟ್ಟಿದವರ ಸಂಖ್ಯೆ 2001ರಲ್ಲಿ ಸುಮಾರು 87,000, 2011ರಲ್ಲಿ ಸುಮಾರು 1,91,000, 2021ರಲ್ಲಿ ಸುಮಾರು 2,70,000. ಇದರಲ್ಲಿ ಇಗ್ಬೊ ಮೊದಲಾದ ಇತರ ಜನರೂ ಸೇರಿದ್ದಾರೆ. ಬ್ರಿಟನ್ನಿನಲ್ಲಿಯೇ ಹುಟ್ಟಿದ ಯೊರೂಬ ಮೂಲದವರು ಸೇರಿಲ್ಲ. ಆದ್ದರಿಂದ ಈ ಅಂಕಿಗಳು ಅಡ್ಡಹೆಸರಿನ ಹರಡುವಿಕೆಯ ದಿಕ್ಕನ್ನು ಸೂಚಿಸುತ್ತವೆಯೇ ಹೊರತು ಅದರ ಅಳತೆಯಾಗುವುದಿಲ್ಲ.

2011ರ ಜನಗಣತಿಯಂತೆ ನೈಜೀರಿಯದಲ್ಲಿ ಹುಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಲಂಡನ್ನಿನಲ್ಲಿದ್ದರು. ನಗರದ ಆಗ್ನೇಯ ಭಾಗದ ಸದರ್ಕ್ ಆಡಳಿತ ವಿಭಾಗದಲ್ಲಿರುವ ಪೆಕಮ್ ಪ್ರದೇಶ ‘ಪುಟ್ಟ ಲೇಗೊಸ್’ ಎಂದೇ ಪ್ರಸಿದ್ಧ. ಅದರ ಜೊತೆಗೆ ಲೂಯಿಶಮ್, ಗ್ರೆನಿಚ್, ಥೇಮ್ಸ್‌ಮೀಡ್, ಹ್ಯಾಕ್ನಿ, ನ್ಯೂಹ್ಯಾಮ್, ಬಾರ್ಕಿಂಗ್ ಮತ್ತು ಡಾಗೆನಮ್ ಪ್ರದೇಶಗಳಲ್ಲಿ ಯೊರೂಬ ಅಡ್ಡಹೆಸರುಗಳು ದಟ್ಟವಾಗಿವೆ. ಒಳಲಂಡನ್ನಿನ ಬಾಡಿಗೆ ಮತ್ತು ಮನೆಬೆಲೆ ಏರಿದಂತೆ ಕುಟುಂಬಗಳು ಥೇಮ್ಸ್ ನದಿಯ ಇಕ್ಕೆಲಗಳಲ್ಲಿ ಕೆಳಕ್ಕೆ ಸರಿದು ಕೆಂಟ್ ಮತ್ತು ಎಸೆಕ್ಸ್ ಕೌಂಟಿಗಳ ಊರುಗಳನ್ನು ಸೇರಿವೆ. ಚರ್ಚುಗಳೂ ಈ ಹಾದಿಯಲ್ಲಿ ಸಾಗಿರುವುದಕ್ಕೆ, 1992ರಲ್ಲಿ ಆರಂಭವಾಗಿ ಹ್ಯಾಕ್ನಿಯಲ್ಲಿ ಬೆಳೆದ ಕಿಂಗ್ಸ್‌ವೇ ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ಸೆಂಟರ್ ಮುಂದೆ ಕೆಂಟಿನ ಚಾಟಮ್‌ನಲ್ಲಿ ನೆಲೆಯೂರಿದ್ದು ಉದಾಹರಣೆ. ಲಂಡನ್ನಿನ ಹೊರಗೆ ಮ್ಯಾಂಚೆಸ್ಟರ್ ಪ್ರದೇಶವೂ, ತೈಲೋದ್ಯಮದ ಕಾರಣದಿಂದ ಸ್ಕಾಟ್ಲೆಂಡಿನ ಅಬರ್ಡೀನ್ ನಗರವೂ ನೈಜೀರಿಯ ಮೂಲದವರ ನೆಲೆಗಳಾಗಿವೆ.

ಅಡ್ಡಹೆಸರುಗಳ ಭೂಪಟವನ್ನು ಓದುವ ಕ್ರಮವೂ ಇಲ್ಲಿ ಬದಲಾಗಬೇಕಾಗುತ್ತದೆ. ಬ್ರಿಟನ್ನಿನ ಹಳೆಯ ಅಡ್ಡಹೆಸರುಗಳ ದಟ್ಟಣೆ ಅವು ಹುಟ್ಟಿದ ನೆಲವನ್ನು ತೋರಿಸುತ್ತದೆ. ‘ಟ್ರೆ’ ಎಂದು ಆರಂಭವಾಗುವ ಹೆಸರುಗಳು ಕಾರ್ನ್‌ವಾಲ್‌ನತ್ತ ಬೆರಳು ಮಾಡುತ್ತವೆ. ಅಡೆಬಾಯೊ ಹೆಸರಿನ ದಟ್ಟಣೆ ತೋರಿಸುವುದು ಬಾಡಿಗೆಮನೆ, ಉದ್ಯೋಗ, ಚರ್ಚು ಮತ್ತು ನೆಂಟರು ಸಿಕ್ಕ ಜಾಗಗಳನ್ನು. ಹೆಸರಿನ ತೌರನ್ನು ತಿಳಿಯಲು ಭೂಪಟವನ್ನು ಬಿಟ್ಟು ಅದರ ವ್ಯಾಕರಣದತ್ತಲೇ ಹೋಗಬೇಕು.

ರೂಪಾಂತರ ಮತ್ತು ಸಾಮಾಜಿಕ ಬಳಕೆ

ದಿನಬಳಕೆಯಲ್ಲಿ ಹೆಸರು ‘ಬಾಯೊ’ ಎಂದೋ ‘ಅಡೆ’ ಎಂದೋ ಮೊಟಕಾಗುತ್ತದೆ. ಫ್ರೆಂಚ್ ಆಡಳಿತ ಭಾಷೆಯಾಗಿರುವ ಟೋಗೊ ದೇಶದಲ್ಲಿ ಯೊರೂಬ ಮೂಲದ ತಂದೆತಾಯಿಗಳಿಗೆ ಹುಟ್ಟಿ, ಆರ್ಸೆನಲ್ ಮೊದಲಾದ ಇಂಗ್ಲಿಷ್ ಫುಟ್‌ಬಾಲ್ ತಂಡಗಳಿಗೆ ಆಡಿದ ಇಮಾನ್ಯುಯೆಲ್ ಅಡೆಬಯೋರ್ ಅವರ ಅಡ್ಡಹೆಸರಿನ ಕೊನೆಯಲ್ಲಿ ರಕಾರ ಸೇರಿದೆ. ಬ್ರಿಟನ್ನಿನಲ್ಲಿ ಹುಟ್ಟಿದ ತಲೆಮಾರಿನಲ್ಲಿ ಅಡ್ಡಹೆಸರು ಸ್ಥಿರವಾಗಿ ಉಳಿದು, ಹೊಸ ಅರ್ಥವನ್ನು ಹೇಳುವ ಕೆಲಸ ಮಗುವಿನ ಸ್ವಂತ ಹೆಸರಿಗೆ ಬಂದಿದೆ. ಕಡಲಾಚೆ ಹುಟ್ಟಿ ಮರಳಿ ಬಂದವರನ್ನು ಸೂಚಿಸುವ ‘ಟೊಕುನ್ಬೊ’ ಎಂಬ ಹೆಸರು ವಲಸೆಯ ಅನುಭವವನ್ನೇ ನಾಮಕರಣದೊಳಗೆ ತಂದಿದೆ.

ಹೆಸರು ಉದ್ಯೋಗದ ಬಾಗಿಲಲ್ಲಿ ತೊಡಕಾಗುವುದೂ ದಾಖಲಾಗಿದೆ. ಆಕ್ಸ್‌ಫರ್ಡಿನ ನಫೀಲ್ಡ್ ಕಾಲೇಜಿನ ಸಂಶೋಧಕರು ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಮೂಲದ ಹೆಸರುಗಳಲ್ಲಿ ಕಳುಹಿಸಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಸಂಖ್ಯಾತ ಬಿಳಿಯರ ಹೆಸರಿನ ಅರ್ಜಿಗಳಿಗೆ ಶೇ. 24ರಷ್ಟು, ಅಲ್ಪಸಂಖ್ಯಾತರ ಹೆಸರಿನ ಅರ್ಜಿಗಳಿಗೆ ಶೇ. 15ರಷ್ಟು ಅನುಕೂಲಕರ ಉತ್ತರ ಬಂದಿತ್ತು. ನೈಜೀರಿಯ ಮೂಲದ ಹೆಸರುಳ್ಳವರು ಅಷ್ಟೇ ಉತ್ತರ ಪಡೆಯಲು ಶೇ. 80ರಷ್ಟು ಹೆಚ್ಚು ಅರ್ಜಿ ಹಾಕಬೇಕಾಗುತ್ತಿತ್ತು.

ಹೆಸರಾಂತ ವ್ಯಕ್ತಿಗಳು

ಲಂಡನ್ನಿನಲ್ಲಿ 1968ರಲ್ಲಿ ಹುಟ್ಟಿದ ಕಾದಂಬರಿಕಾರ ಡಿರಾನ್ ಅಡೆಬಾಯೊ ತಮ್ಮ ಮೊದಲ ಕಾದಂಬರಿ ‘ಸಮ್ ಕೈಂಡ್ ಆಫ್ ಬ್ಲ್ಯಾಕ್’ (1996) ಮೂಲಕ ಪ್ರಸಿದ್ಧರಾದರು. ಅವರ ಅಣ್ಣ ಡೊಟುನ್ ಅಡೆಬಾಯೊ ಬಿಬಿಸಿ ರೇಡಿಯೊದ ನಿರೂಪಕರು. 1992ರಲ್ಲಿ ವಿಕ್ಟರ್ ಹೆಡ್ಲಿ ಅವರ ‘ಯಾರ್ಡಿ’ ಕಾದಂಬರಿಯನ್ನು ಹೊರತಂದ ಎಕ್ಸ್ ಪ್ರೆಸ್ ಪ್ರಕಾಶನದ ಸ್ಥಾಪಕರಲ್ಲಿ ಡೊಟುನ್ ಕೂಡ ಒಬ್ಬರು. ಎಲೈಜಾ ಅಡೆಬಾಯೊ 2024ರ ಜನವರಿಯಲ್ಲಿ ಬ್ರೈಟನ್ ತಂಡದ ವಿರುದ್ಧ ಮೂರು ಗೋಲು ಹೊಡೆದು, ಪ್ರೀಮಿಯರ್ ಲೀಗಿನಲ್ಲಿ ಲೂಟನ್ ಟೌನ್ ಪರವಾಗಿ ಆ ಸಾಧನೆ ಮಾಡಿದ ಮೊದಲಿಗರಾದರು. ಲೇಗೊಸಿನಲ್ಲಿ ಹುಟ್ಟಿ, ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಯನ್ನು ಅಭ್ಯಸಿಸಿದ ಅಯೊಬಾಮಿ ಅಡೆಬಾಯೊ ಅವರ ‘ಸ್ಟೇ ವಿತ್ ಮಿ’ (2017) ಕಾದಂಬರಿ ಬ್ರಿಟನ್ನಿನ ಮಹಿಳಾ ಕಥಾಸಾಹಿತ್ಯ ಪ್ರಶಸ್ತಿಯ ಅಂತಿಮ ಪಟ್ಟಿಗೆ ಆಯ್ಕೆಯಾಗಿತ್ತು. ‘ಸಂತೋಷ ನನ್ನನ್ನು ಸಂಧಿಸಿತು’ ಎಂಬ ಅರ್ಥದ ಅವರ ಸ್ವಂತ ಹೆಸರಿನಲ್ಲಿಯೂ ಅಡ್ಡಹೆಸರಿನಲ್ಲಿಯೂ ಅದೇ ಕ್ರಿಯಾಪದ ಮತ್ತು ಅದೇ ‘ಅಯೊ’ ಇವೆ.