ಕನ್ನಂಬಾಡಿ ಕಟ್ಟೆ ಯಾವ ದಿವಾನರ ಲೆಕ್ಕಕ್ಕೆ? ಅಧಿಕಾರಾವಧಿಯನ್ನು ಅಳತೆಗೋಲಾಗಿಸುವ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಅಮೆರಿಕದ ಅಧ್ಯಕ್ಷರನ್ನು ಶ್ರೇಣೀಕರಿಸುವ ಪದ್ಧತಿಗೆ ಹಿರಿಯ ಆರ್ಥರ್ ಶ್ಲೆಸಿಂಜರ್ 1948ರಲ್ಲಿ ನಡೆಸಿದ ಸಮೀಕ್ಷೆಯನ್ನು ಸಾಮಾನ್ಯವಾಗಿ ಮೊದಲಿನದೆಂದು ಗಣಿಸುತ್ತಾರೆ. ಅದರಲ್ಲಿ 55 ತಜ್ಞರು ಅಧ್ಯಕ್ಷರನ್ನು ‘ಮಹಾನ್’ನಿಂದ ‘ವಿಫಲ’ದವರೆಗೆ ಐದು ದರ್ಜೆಗಳಲ್ಲಿ ಇರಿಸಿದರು. ಅಲ್ಪಕಾಲ ಅಧಿಕಾರದಲ್ಲಿದ್ದ ವಿಲಿಯಂ ಹೆನ್ರಿ ಹ್ಯಾರಿಸನ್ ಮತ್ತು ಗಾರ್ಫೀಲ್ಡ್ ಅವರನ್ನು ಕೈಬಿಟ್ಟರು. ಇಲ್ಲಿ ಅಳತೆಯ ಘಟಕ ಒಬ್ಬ ವ್ಯಕ್ತಿಯ ಅಧಿಕಾರಾವಧಿ. ಒಂದೇ ಕಾಮಗಾರಿ ಹಲವರ ಅವಧಿಗೆ ಹಬ್ಬಿದಾಗ ಈ ಘಟಕ ಎಷ್ಟು ತಾಳುತ್ತದೆ ಎಂಬುದನ್ನು ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಕಾಲಾನುಕ್ರಮದ ಮೇಲೆ ಪರೀಕ್ಷಿಸುವುದಷ್ಟೇ ಇಲ್ಲಿನ ಉದ್ದೇಶ.

2. ಕಾಲಾನುಕ್ರಮ

ಕಾಮಗಾರಿಯ ಆರಂಭ 1911ರ ನವೆಂಬರ್. ಆಗ ಮೈಸೂರಿನ ದಿವಾನರಾಗಿದ್ದವರು ಟಿ. ಆನಂದರಾವ್ (1909–1912), ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್. 1912ರ ನವೆಂಬರಿನಲ್ಲಿ ಅವರೇ ದಿವಾನರಾದರು. ಅವರ ನಂತರ ಎಂ. ಕಾಂತರಾಜ ಅರಸು (1922ರವರೆಗೆ), ಆಲ್ಬಿಯನ್ ಬ್ಯಾನರ್ಜಿ (1922–1926), ಮಿರ್ಜಾ ಇಸ್ಮಾಯಿಲ್ (1926–1941) ಬಂದರು. ಮದರಾಸಿನೊಂದಿಗೆ ಕಾವೇರಿ ಒಪ್ಪಂದವಾದದ್ದು 1924ರ ಫೆಬ್ರವರಿ 18ರಂದು, ಬ್ಯಾನರ್ಜಿಯವರ ಅವಧಿಯಲ್ಲಿ. ಈ ಜಲಾಶಯದಿಂದ ಹೊಸದಾಗಿ 1,25,000 ಎಕರೆಗೆ ನೀರು ಕೊಡಲು ಮೈಸೂರಿಗೆ ಅವಕಾಶ ಸಿಕ್ಕಿದ್ದು ಆ ಒಪ್ಪಂದದಿಂದ. ಕಟ್ಟೆ ಪೂರ್ಣಗೊಂಡದ್ದು ಮಿರ್ಜಾ ಅವರ ಕಾಲದಲ್ಲಿ. ಐವರು ದಿವಾನರಿಗೂ ಅರಸರು ಒಬ್ಬರೇ: ನಾಲ್ವಡಿ ಕೃಷ್ಣರಾಜ ಒಡೆಯರು.

3. ವ್ಯತ್ಯಾಸಗಳು

(ಅ) ಮುಕ್ತಾಯದ ವರ್ಷ ಕೆಲವೆಡೆ 1931, ಕೆಲವೆಡೆ 1932. ಯಾವ ಹಂತವನ್ನು ‘ಮುಕ್ತಾಯ’ ಎಂದು ಎಣಿಸಿದರು ಎಂಬುದರಿಂದ ಈ ಅಂತರ ಬಂದಿರಬಹುದು. ಎರಡೂ ವರ್ಷ ಒಬ್ಬರೇ ದಿವಾನರ ಅವಧಿಗೆ ಸೇರುವುದರಿಂದ ಇಲ್ಲಿನ ವಾದಕ್ಕೆ ಬಾಧಕವಿಲ್ಲ.

(ಆ) ವಿಶ್ವೇಶ್ವರಯ್ಯನವರ ಅವಧಿಯ ಕೊನೆಯನ್ನು ಕೆಲವು ಪಟ್ಟಿಗಳು 1918 ಎಂದೂ ಕೆಲವು 1919 ಎಂದೂ ಕೊಡುತ್ತವೆ. ಯಾವುದನ್ನು ಹಿಡಿದರೂ ಕಟ್ಟೆ ಮುಗಿಯುವುದಕ್ಕೆ ಕನಿಷ್ಠ ಹನ್ನೆರಡು ವರ್ಷ ಮೊದಲೇ ಅವರು ಹುದ್ದೆಯಲ್ಲಿರಲಿಲ್ಲ.

(ಇ) ಅಣೆಕಟ್ಟೆಯ ಬಳಿ ಇರಿಸಿರುವ ಟಿಪ್ಪು ಸುಲ್ತಾನನ ಪರ್ಷಿಯನ್ ಶಾಸನ ಮೌಲೂದಿ ವರ್ಷಗಣನೆಯದು. ಸಾಮಾನ್ಯವಾಗಿ ಅದನ್ನು ಕ್ರಿ.ಶ. 1794ಕ್ಕೆ ಹೊಂದಿಸುತ್ತಾರೆ. ಅದು ಕಾವೇರಿಗೆ ಕಟ್ಟೆ ಹಾಕುವ ಹಿಂದಿನ ಸಂಕಲ್ಪಕ್ಕೆ ಸಾಕ್ಷಿ. ಈಗಿನ ಕಾಮಗಾರಿಯ ಆರಂಭಕ್ಕಲ್ಲ.

4. ಹೋಲಿಕೆ

ಕೊಲರಾಡೊ ನದಿಯ ಹೂವರ್ ಅಣೆಕಟ್ಟಿನ ಕಾಯ್ದೆ ಕೂಲಿಜ್ ಕಾಲದ್ದು (1928). ನಿರ್ಮಾಣ ಹೂವರ್ ಕಾಲದಲ್ಲಿ ತೊಡಗಿತು (1931). ಲೋಕಾರ್ಪಣೆ ಮಾಡಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್ (1935). ನಡುವೆ ‘ಬೌಲ್ಡರ್’ ಎಂದಾಗಿದ್ದ ಹೆಸರನ್ನು ಕಾಂಗ್ರೆಸ್ 1947ರಲ್ಲಿ ಮತ್ತೆ ‘ಹೂವರ್’ ಎಂದು ಸ್ಥಿರಪಡಿಸಿತು. ನಮ್ಮಲ್ಲೂ ಈ ಕಟ್ಟೆಯಿಂದ ಹೊರಟ, ವೈಸ್‌ರಾಯ್ ಇರ್ವಿನ್ ಹೆಸರಿನ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಹೆಸರು ಶ್ರೇಯಸ್ಸಿನ ಒಂದು ದಾಖಲೆ ಹೌದು, ಕಾಲಾನುಕ್ರಮದ ದಾಖಲೆಯಲ್ಲ. ಅಧ್ಯಕ್ಷ ಚುನಾಯಿತ, ದಿವಾನ ಅರಸರಿಂದ ನೇಮಕಗೊಂಡವನು. ಹೋಲಿಕೆ ಈ ಮಿತಿಗೆ ಒಳಪಟ್ಟಿದೆ.

5. ಅಳೆಯುವವರ ನೆಲೆ

ವಿಶ್ವೇಶ್ವರಯ್ಯ ನಾಲೆಯ ನೀರು ಮುಖ್ಯವಾಗಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯದು. ನಾಗಮಂಗಲ ತಾಲ್ಲೂಕಿನ ಬೇಸಾಯ ಬಹುಪಾಲು ಮಳೆಯಾಶ್ರಿತ. ಹಳೆಯ ಕನ್ನಂಬಾಡಿ ಊರು ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿದ್ದ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಬಹುಕಾಲದ ಬಳಿಕ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಗದ್ದೆ ಬಯಲು, ಮಳೆ ನಂಬಿದ ಹೊಲ, ಮುಳುಗಿದ ಊರು ಈ ಮೂರು ನೆಲೆಗಳಿಂದ ಒಂದೇ ಕೆಲಸಕ್ಕೆ ಮೂರು ದರ್ಜೆ ಬೀಳುವುದು ಸಾಧ್ಯ. 55 ತಜ್ಞರ ಆಯ್ಕೆಗೂ ಇದೇ ಪ್ರಶ್ನೆ ಅನ್ವಯಿಸಬಹುದು.

6. ಸೀಮಿತ ನಿರ್ಣಯ

ಆರಂಭವನ್ನು ಹಿಡಿದರೆ ಆನಂದರಾವ್, ಒಪ್ಪಂದವನ್ನು ಹಿಡಿದರೆ ಬ್ಯಾನರ್ಜಿ, ಮುಕ್ತಾಯವನ್ನು ಹಿಡಿದರೆ ಮಿರ್ಜಾ. ವಿಶ್ವೇಶ್ವರಯ್ಯನವರ ಹಕ್ಕು ಇದರಿಂದ ಕುಂದುವುದಿಲ್ಲ. ಆದರೆ ಆರಂಭದ ದಿನ ಅವರು ಮುಖ್ಯ ಎಂಜಿನಿಯರ್ ಆಗಿದ್ದರಿಂದ, ಆ ಹಕ್ಕಿನ ಒಂದು ಭಾಗ ದಿವಾನಗಿರಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಇಂಥ ಶ್ರೇಣಿಪಟ್ಟಿಗಳಲ್ಲಿ ಪ್ರತಿ ಕಾಮಗಾರಿಯ ಎದುರು ಆರಂಭ, ಒಪ್ಪಂದ, ಮುಕ್ತಾಯ ಎಂಬ ಮೂರು ತಾರೀಖುಗಳನ್ನು ಬೇರೆಬೇರೆಯಾಗಿ ನಮೂದಿಸುವುದು ಸೂಕ್ತವೆನಿಸುತ್ತದೆ.