ನಾಟಕ ಥಿಯೇಟರಿನ ಮುಂದೊಂದು ದೋಸೆ ಹಂಚು

1928ರಲ್ಲಿ ಬೆಳಗಾವಿ ಸೀಮೆಯ ಬಿಡ್ಕಿ ಗ್ರಾಮದಿಂದ ಚೆನ್ನಮ್ಮ ಎಂಬ ತಾಯಿ ಮಕ್ಕಳೊಂದಿಗೆ ದಾವಣಗೆರೆಗೆ ಬಂದರು. ಸಾವಳಗಿ ನಾಟಕ ಥಿಯೇಟರಿನ ಮುಂದೆ ಒಲೆ ಹೂಡಿ ರಾಗಿ ದೋಸೆ ಹೊಯ್ದರು. ಜೊತೆಗೆ ಚಟ್ನಿ, ಆಲೂಗಡ್ಡೆ ಪಲ್ಯ. ಬೆಣ್ಣೆದೋಸೆಯ ಕತೆಯನ್ನು ದಾವಣಗೆರೆಯವರು ಶುರು ಮಾಡುವುದು ಇಲ್ಲಿಂದಲೇ.

ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯದೇ ಊರು. ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಹಾಗಾಗಿ ಚಿತ್ರದುರ್ಗದ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂಥ ಹೋಬಳಿ ಊರಿನಲ್ಲಿ ಚಟ್ನಿಪುಡಿಯನ್ನೋ ಹಪ್ಪಳವನ್ನೋ ಮನೆಯಲ್ಲೇ ಮಾಡಿ ಮಾರೋಣವೆಂದು ಹೊರಡುವ ಹೆಣ್ಣುಮಗಳಿಗೆ ಚೆನ್ನಮ್ಮ ದೂರದವರಲ್ಲ, ಜಿಲ್ಲೆಯ ಹಿರಿಯಕ್ಕ.

ಅವರು ಆರಿಸಿಕೊಂಡ ಎರಡು ಸಂಗತಿಗಳನ್ನು ಗಮನಿಸಬೇಕು. ಬೆಳಗಾವಿಯ ಕಡೆ ಊಟವೆಂದರೆ ಜೋಳ. ಚೆನ್ನಮ್ಮ ಹಿಟ್ಟು ಕಲಸಿದ್ದು ಬಂದು ಸೇರಿದ ನೆಲದ ರಾಗಿಯಲ್ಲಿ. ಇನ್ನು ಜಾಗ: ನಾಟಕಕ್ಕೆ ಜನ ತಾವಾಗಿ ಸೇರುತ್ತಾರೆ, ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬಂಡವಾಳವಿಲ್ಲದವರ ವ್ಯಾಪಾರಬುದ್ಧಿ ಇದಕ್ಕಿಂತ ಚೊಕ್ಕವಾಗಿರುವುದು ಕಷ್ಟ.

1938ರ ಸುಮಾರಿಗೆ ಮಕ್ಕಳು ಹಿಟ್ಟನ್ನೇ ಬದಲಿಸಿದರು. ರಾಗಿ ಹೋಗಿ ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಬಂದವು, ಮೇಲೆ ಬೆಣ್ಣೆ. 1944ರ ಹೊತ್ತಿಗೆ ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ದೋಸೆ ಹಾಕುತ್ತಿದ್ದರು. ಗಡಿಯಾರ ಕಂಬದ ಬಳಿ ಶಾಂತಪ್ಪನವರ ಹೋಟೆಲ್, ಹಳೇ ವಸಂತ ಟಾಕೀಸಿನ ಕಡೆ ಮಹಾದೇವಪ್ಪನವರ ಹೋಟೆಲ್. ಜನರ ಬಾಯಲ್ಲಿ ಉಳಿದದ್ದು ಮಕ್ಕಳ ಹೆಸರು. ತಾಯಿಯ ಹೆಸರು ಕತೆಯಲ್ಲಿ ಉಳಿಯಿತು.

ಆ ದೋಸೆಗೆ ಬೇಕಾದ ಮಂಡಕ್ಕಿಯೂ ಮನೆ ಕಸುಬೇ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಸಂಸಾರವೂ ಭಟ್ಟಿಯೂ ಅಕ್ಕಪಕ್ಕ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಲ್ಲಿ ಹುರಿದರೆ ಅದು ಅರಳುತ್ತದೆ. ಒಣಹಾಕುವುದು, ಕೈಯಾಡಿಸುವುದು, ಜರಡಿ ಹಿಡಿಯುವುದು ಎಲ್ಲದರಲ್ಲೂ ಹೆಂಗಸರ ಕೈ ಇದೆ. ಮನೆಯವರ ದುಡಿಮೆಗೆ ಕೂಲಿ ಯಾರು ಬರೆದಿಡುತ್ತಾರೆ? ನಮ್ಮ ಆಹಾರ ವ್ಯಾಪಾರದ ಇತಿಹಾಸದಲ್ಲಿ ನೋವಿನ ಜಾಗ ಇದೇ: ಕೈ ಅವಳದು, ಲೆಕ್ಕದ ಪುಸ್ತಕ ಬೇರೆಯವರದು.

ಬೇರೆ ದಾರಿ ಇರಲಿಲ್ಲವೆಂದಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ನಾಲ್ಕು ಪೊಟ್ಟಣ. ಅದೇ ಲಿಜ್ಜತ್ ಸಂಸ್ಥೆ, ಅಲ್ಲಿ ಲಟ್ಟಿಸುವವರೇ ಒಡತಿಯರು.

ಕರ್ನಾಟಕದ ಹಳ್ಳಿಗಳಲ್ಲಿ ಲೆಕ್ಕದ ಪುಸ್ತಕ ಹೆಂಗಸರ ಕೈಗೆ ಬಂದದ್ದು ಸ್ವಸಹಾಯ ಸಂಘಗಳ ಮೂಲಕ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಸಣ್ಣ ಗುಂಪುಗಳ ಸಲುವಾಗಿ 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ನೀಡಿತು. ಚಿತ್ರದುರ್ಗದ ಹೊಳಲ್ಕೆರೆಯೂ ಆ ಸಂಸ್ಥೆ ದುಡಿದ ತಾಲ್ಲೂಕು. 1992ರಲ್ಲಿ ಸಂಘಗಳಿಗೆ ನೇರ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ಬಂತು, 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ. ವಾರವಾರ ಕಟ್ಟಿದ ಉಳಿತಾಯವೇ ಎಷ್ಟೋ ಹೆಂಗಸರಿಗೆ ಮೊದಲ ಬಂಡವಾಳವಾಯಿತು.

ಇಂದು ಹೊಸದುರ್ಗ ಸೀಮೆಯಲ್ಲಿ ಕೈಗೆಟಕುವ ಸರಕು ಚೆನ್ನಮ್ಮನ ರಾಗಿಯ ಜೊತೆಗೆ ಸಾವೆ. ಸಾವೆ ಬೆಳೆಯುವುದಕ್ಕಿಂತ ಅಕ್ಕಿ ಮಾಡುವುದೇ ಕಷ್ಟ: ಕಾಳು ಪುಟ್ಟದು, ಹೊಟ್ಟು ಗಟ್ಟಿ, ಒರಳಿನಲ್ಲಿ ಕುಟ್ಟಿ ಕೇರುವಷ್ಟರಲ್ಲಿ ರಟ್ಟೆ ಸೋಲುತ್ತದೆ. ಮನೆಯೂಟದಿಂದ ಅದು ಹಿಂದೆ ಸರಿಯಲು ಈ ಶ್ರಮವೂ ಒಂದು ಕಾರಣ. ಹೊಟ್ಟು ಬಿಡಿಸುವ ಯಂತ್ರ ಬಂದ ಮೇಲೆ ಅದೇ ಸಾವೆ ದೋಸೆಹಿಟ್ಟು, ಚಕ್ಕುಲಿಯಾಗಿ ಪೊಟ್ಟಣ ಸೇರುತ್ತಿದೆ. 2020ರ ಜೂನ್‌ನಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ, ಇಂಥ ಕೆಲಸದಲ್ಲಿ ತೊಡಗಿದ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಇಟ್ಟಿತು.

ಮಾರುವ ಮುನ್ನ ಆಹಾರ ಸುರಕ್ಷತಾ ನೋಂದಣಿಯೂ ಆಗಬೇಕು. 2006ರ ಕಾಯ್ದೆಯ ಆ ನಿಯಮಗಳು ಜಾರಿಗೆ ಬಂದದ್ದು 2011ರ ಆಗಸ್ಟ್ 5ರಿಂದ. ಅರ್ಜಿ ಹಾಕಿದವಳು ತಿಂಡಿ ಮಾಡುವವಳೇ ಆಗಿದ್ದರೆ, 14 ಅಂಕಿಗಳ ಸಂಖ್ಯೆಯ ಜೊತೆ ಆ ಪತ್ರದಲ್ಲಿ ಅಚ್ಚಾಗಿ ಬರುವುದು ಅವಳದೇ ಹೆಸರು.