ಹಳೆಯ ಬಂದರಿನ ಒಂದು ಫೋಟೋ

ಮಂಗಳೂರಿನ ಹಳೆಯ ಬಂದರಿನ ಕಪ್ಪು-ಬಿಳುಪು ಫೋಟೋ ಒಂದರ ಪ್ರತಿ ನನ್ನ ಬಳಿ ಇದೆ. ಅಡಿಯಲ್ಲಿ ‘ಮಂಗಳೂರು ಬಂದರು’ ಎಂದಷ್ಟೇ ಬರೆದಿದೆ. ಇಸವಿ ಇಲ್ಲ, ತೆಗೆದವರ ಹೆಸರೂ ಇಲ್ಲ. ಆದರೂ ಸಾವಕಾಶವಾಗಿ ನೋಡಿದರೆ ಆ ಚಿತ್ರ ತಾನೇ ಎಷ್ಟೋ ಸಂಗತಿ ಹೇಳುತ್ತದೆ.

ಮೊದಲು ಮಾಡುಗಳನ್ನು ನೋಡಿ. ದಡದ ಗೋದಾಮುಗಳಿಗೆಲ್ಲ ಮಂಗಳೂರು ಹೆಂಚು ಹೊದಿಸಿದೆ. ಬಾಸೆಲ್ ಮಿಷನ್ನಿನವರು ಅಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾಗಿ ಫೋಟೋ ಅದಕ್ಕಿಂತ ಹಿಂದಿನದಲ್ಲ. ಧಕ್ಕೆಯ ಮೇಲೆ ಎತ್ತಿನ ಗಾಡಿಗಳಿವೆ, ಲಾರಿ ಒಂದೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆ ಅಥವಾ ಇಪ್ಪತ್ತನೆಯದರ ಆರಂಭ ಎಂಬುದು ನನ್ನ ಅಂದಾಜು.

ಋತುವನ್ನೂ ಊಹಿಸಬಹುದು. ನೀರಿನ ತುಂಬ ಹಾಯಿದೋಣಿಗಳು, ಮಂಜಿಗಳು. ಮುಂಗಾರಿನ ತಿಂಗಳುಗಳಲ್ಲಿ ಇವುಗಳ ಸಂಚಾರವೇ ನಿಲ್ಲುತ್ತಿತ್ತು. ಅಂದರೆ ಇದು ಮಳೆಗಾಲದ ಚಿತ್ರವಲ್ಲ. ಬೆಂಗ್ರೆಯ ಮರಳುದಿಣ್ಣೆಯ ಆಚೆ, ದೂರ ಸಮುದ್ರದಲ್ಲಿ ಒಂದು ಉಗಿಹಡಗು ನಿಂತಿದೆ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿ ಆಳ ಕಡಿಮೆ. ಅದಕ್ಕೇ ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಜನ-ಸರಕು ದೋಣಿಯಲ್ಲಿ ಹೋಗಿಬರಬೇಕು. ದೊಡ್ಡ ಹಡಗುಗಳು ದಡಕ್ಕೇ ಬಂದು ನಿಲ್ಲುವಂತಾದದ್ದು 1970ರ ದಶಕದಲ್ಲಿ, ಪಣಂಬೂರಿನ ಹೊಸ ಬಂದರು ಆದ ಮೇಲೆ.

ದಡದಲ್ಲಿ ಹೆಂಚಿನ ಅಟ್ಟಿಗಳಿವೆ. ಪಕ್ಕದ ದೋಣಿಗಳು ಭಾರಕ್ಕೆ ನೀರಿನಲ್ಲಿ ಇಳಿದಿವೆ. ಸರಕು ಹೊರಡುತ್ತಿದೆ ಎಂದರ್ಥ. ನದಿ ಬದಿಯ ಜೇಡಿಮಣ್ಣು ದೋಣಿಯಲ್ಲಿ ಕಾರ್ಖಾನೆಗೆ ಬಂದು, ಹೆಂಚಾಗಿ ಮತ್ತೆ ನೀರಿನ ದಾರಿಯಲ್ಲೇ ಮುಂಬಯಿ ಕಡೆಗೆ ಹೋಗುತ್ತಿತ್ತು. ಇಲ್ಲಿ ನಿಗಡಿಯಲ್ಲಿ ನಮ್ಮ ಮರಾಠಿ ನೆರೆಯವರು ಇಂದಿಗೂ ‘ಮಂಗಲೋರಿ ಕೌಲ’ ಎನ್ನುವುದು ಈ ಹೆಂಚಿಗೇ.

ಇನ್ನು ಜನ. ನಡುವೆ ರುಮಾಲು, ಕೋಟು ತೊಟ್ಟ ಕೆಲವರು ನಿಂತಿದ್ದಾರೆ. ಅವರ ಮುಖ, ಕೈಯಲ್ಲಿನ ಲೆಕ್ಕದ ಪುಸ್ತಕ ಎಲ್ಲ ಸ್ಪಷ್ಟ. ಎಡ ಮೂಲೆಯಲ್ಲಿ ಮಾತ್ರ ಒಂದು ಸಾಲು ಮಸುಕಾಗಿದೆ. ಬಹಳ ದಿನ ನಾನದನ್ನು ಫೋಟೋ ಹಾಳಾದ ಗುರುತು ಎಂದೇ ದಾಟಿ ಹೋಗುತ್ತಿದ್ದೆ. ದೊಡ್ಡದು ಮಾಡಿ ನೋಡಿದಾಗ ಸೀರೆಯ ಕಚ್ಚೆ, ತಲೆಯ ಮೇಲಿನ ಸಿಂಬಿ, ಅದರ ಮೇಲೆ ಹೆಂಚು ಕಂಡವು. ಅವರು ಹೆಂಗಸರು. ಆಗಿನ ಕ್ಯಾಮೆರಾಕ್ಕೆ ಬೆಳಕು ಹೆಚ್ಚು ಹೊತ್ತು ಬೇಕಿತ್ತು. ಆ ಹೊತ್ತಿನಲ್ಲಿ ನಡೆದಾಡಿದವರ ಮುಖ ಮೂಡುತ್ತಿರಲಿಲ್ಲ. ಹೊರೆ ಹೊತ್ತವರು ಫೋಟೋಕ್ಕಾಗಿ ನಿಲ್ಲುವುದುಂಟೇ?

ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ, ಕಾಫಿ ಬೀಜ ಹೆಕ್ಕುವ ಕೊಟ್ಟಿಗೆಗಳಲ್ಲಿ, ಮುಂದೆ ಗೋಡಂಬಿ ಕಾರ್ಖಾನೆಗಳಲ್ಲಿ ಗಂಡಸರಿಗಿಂತ ಕಡಿಮೆ ಕೂಲಿಗೆ ಸಾವಿರಾರು ಹೆಂಗಸರು ದುಡಿದರು. ಬಂದರಿನ ವ್ಯಾಪಾರದಲ್ಲಿ ಅವರ ಪಾಲು ದೊಡ್ಡದು. ಹೆಂಚಿನ ಮೇಲೆ ಕಂಪನಿಯ ಹೆಸರು ಅಚ್ಚಾಯಿತು, ಹೊತ್ತವರ ಹೆಸರು ಎಲ್ಲೂ ಉಳಿಯಲಿಲ್ಲ.

ನಮ್ಮ ಮನೆಗಳ ಆಲ್ಬಮ್‌ಗಳೂ ಬೇರೆಯಲ್ಲ. ಮದುವೆಯ ಫೋಟೋದಲ್ಲಿ ಸಾಲಾಗಿ ಕುಳಿತವರ ಹೆಸರು ಎಲ್ಲರಿಗೂ ಗೊತ್ತು. ಹಿಂದೆ ಬಾಗಿಲ ಬಳಿ ಪಾತ್ರೆ ಹಿಡಿದು ಅರ್ಧ ಕಾಣುವ ಹೆಂಗಸು ಯಾರು? ಹೇಳಬಲ್ಲ ಹಿರಿಯರು ಇನ್ನೂ ನಮ್ಮ ಜೊತೆಗಿದ್ದಾರೆ. ಈ ಭಾನುವಾರ ಆಲ್ಬಮ್ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ. ಕೇಳಿದ ಹೆಸರನ್ನು ಫೋಟೋದ ಬೆನ್ನಿಗೆ ಮೆದು ಪೆನ್ಸಿಲಿನಲ್ಲಿ ಬರೆದಿಡಿ. ಊರು, ಇಸವಿಯೂ ಇರಲಿ.